ಲ್ಯಾಪ್‌ಟಾಪಿನ ಕಾಣದ ಗುಂಡಿಗಳು: ಲಿನಕ್ಸ್ ಡ್ರೈವರಿಗೆ ನಿಯಂತ್ರಣ ಸೇರಿಸುವ ಕ್ರಮ

ಲ್ಯಾಪ್‌ಟಾಪಿನಿಂದ ವಿಂಡೋಸನ್ನು ತೆಗೆದು ಲಿನಕ್ಸನ್ನು ಸ್ಥಾಪಿಸಿಕೊಂಡವರಿಗೆ ವೈಫೈ, ಧ್ವನಿ, ಪರದೆ ಮೊದಲಾದವುಗಳ ವಿಷಯದಲ್ಲಿ ಹಿಂದಿದ್ದಷ್ಟು ತೊಡಕು ಈಗ ಉಳಿದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಸೆಕೆಂಡ್ ಹ್ಯಾಂಡ್ ಯಂತ್ರವಾಗಲಿ, ಪೆಟ್ಟಿಗೆಯಿಂದ ಆಗತಾನೆ ತೆಗೆದ ಹೊಸ ಯಂತ್ರವಾಗಲಿ, ಬಹುಬೇಗ ಕೆಲಸಕ್ಕೆ ಸಿದ್ಧವಾಗುವುದುಂಟು. ಉಳಿದಿರುವ ಕೊರತೆ ಬೇರೊಂದು ಬಗೆಯದು. ಬ್ಯಾಟರಿಯನ್ನು ಪೂರ್ಣವಾಗಿ ತುಂಬಿಸದೆ ಅರ್ಧಕ್ಕಿಂತ ತುಸು ಮೇಲೆ ನಿಲ್ಲಿಸುವ ಆಯ್ಕೆ, ಫ್ಯಾನಿನ ಸದ್ದನ್ನು ಅಡಗಿಸುವ ಆಯ್ಕೆ, ಎಫ್‌ಎನ್ ಕೀಯನ್ನು ಬಂಧಿಸಿಡುವ ಆಯ್ಕೆ, ಯಂತ್ರ ಆರಿರುವಾಗಲೂ ಯುಎಸ್‌ಬಿ ಕಿಂಡಿಯಿಂದ ಫೋನನ್ನು ಚಾರ್ಜ್ ಮಾಡುವ ಆಯ್ಕೆ, ಹೀಗೆ ತಯಾರಕರ ವಿಂಡೋಸ್ ತಂತ್ರಾಂಶದಲ್ಲಿ ಸಾಲಾಗಿ ತೋರುತ್ತಿದ್ದ ಗುಂಡಿಗಳು ಲಿನಕ್ಸಿನಲ್ಲಿ ಒಂದೂ ಕಾಣದಿರುವ ಸಂದರ್ಭ ಇಂದಿಗೂ ವಿರಳವಲ್ಲ.

ಮಾಯವಾದದ್ದು ಗುಂಡಿಯೇ ಹೊರತು ಗುಂಡಿಯ ಹಿಂದಿನ ಸಾಮರ್ಥ್ಯವಲ್ಲವೆಂಬುದನ್ನು ಮೊದಲು ಮನಗಾಣಬೇಕು. ಆ ಸಾಮರ್ಥ್ಯವು ಯಂತ್ರದ ಫರ್ಮ್‌ವೇರಿನಲ್ಲಿ ಯಥಾಸ್ಥಿತಿಯಲ್ಲಿರುತ್ತದೆ. ಅದನ್ನು ಯಾವ ಹೆಸರಿನಿಂದ ಕರೆಯಬೇಕು, ಯಾವ ಅಂಕಿಯನ್ನು ಕೊಟ್ಟರೆ ಅದು ಓಗೊಡುತ್ತದೆ ಎಂಬುದಷ್ಟೇ ಲಿನಕ್ಸ್ ಕರ್ನಲ್ಲಿಗೆ ತಿಳಿದಿರುವುದಿಲ್ಲ. ಆ ಅರಿವನ್ನು ಸಂಪಾದಿಸಿ ಡ್ರೈವರಿನಲ್ಲಿ ವಿಧಿವತ್ತಾಗಿ ಬರೆದಿಡುವುದು, ಸಿ ಭಾಷೆಯ ಪರಿಚಯವೂ ಸಾಕಷ್ಟು ಸಹನೆಯೂ ಉಳ್ಳವರಿಗೆ ಅಸಾಧ್ಯವಾದ ಕಾರ್ಯವಲ್ಲ. ಇದರಲ್ಲಿ ಬರೆಯುವ ಭಾಗ ಅಲ್ಪ, ಓದುವ ಭಾಗ ಅಧಿಕ. ಓದದೆ ಬರೆಯಹೊರಟವನಿಗೆ ಅಪಾಯ ತಪ್ಪಿದ್ದಲ್ಲ.

ಯಂತ್ರದೊಳಗಿನ ವ್ಯವಸ್ಥೆ

ಲ್ಯಾಪ್‌ಟಾಪಿನ ಮುಖ್ಯ ಪ್ರೊಸೆಸರ್ ಲೆಕ್ಕಾಚಾರದಲ್ಲಿ ಮಗ್ನವಾಗಿರುವಾಗ, ಬ್ಯಾಟರಿಗೆ ವಿದ್ಯುತ್ತನ್ನು ಹರಿಸುವುದು, ಫ್ಯಾನಿನ ವೇಗವನ್ನು ನಿರ್ಣಯಿಸುವುದು, ಕೀಲಿಮಣೆಯ ಒತ್ತುಗಳನ್ನು ಗ್ರಹಿಸುವುದು, ಮುಚ್ಚಳ ತೆರೆದುದನ್ನೂ ಮುಚ್ಚಿದುದನ್ನೂ ಗಮನಿಸುವುದು ಮುಂತಾದ ಗೃಹಕೃತ್ಯಗಳನ್ನು ಮನೆಯ ಪಾರುಪತ್ಯಗಾರನಂತೆ ನಿರ್ವಹಿಸುವ ಚಿಕ್ಕ ಚಿಪ್ಪೊಂದು ಮದರ್‌ಬೋರ್ಡಿನ ಮೇಲಿರುತ್ತದೆ. ಇದಕ್ಕೆ ಎಂಬೆಡೆಡ್ ಕಂಟ್ರೋಲರ್ ಅಥವಾ ಸಂಕ್ಷೇಪವಾಗಿ ಇಸಿ ಎಂದು ಹೆಸರು. ಸಾಂಪ್ರದಾಯಿಕವಾಗಿ ಷೋಡಶಮಾನದ 62 ಮತ್ತು 66 ಎಂಬ ಎರಡು ಪೋರ್ಟುಗಳ ಮೂಲಕ ಇದರೊಡನೆ ವ್ಯವಹರಿಸುವುದುಂಟು. ಒಂದರಲ್ಲಿ ದತ್ತ, ಇನ್ನೊಂದರಲ್ಲಿ ಆಜ್ಞೆ. ಹೊರಗಿನವರಿಗೆ ಅದು ತೋರುವುದು 256 ಬೈಟುಗಳ ಒಂದು ಚಿಕ್ಕ ಪ್ರದೇಶವನ್ನು. ಅದರಲ್ಲಿ ಯಾವ ಬೈಟಿಗೆ ಯಾವ ಅರ್ಥವೆಂಬುದು ತಯಾರಕರಿಂದ ತಯಾರಕರಿಗೆ ಮಾತ್ರವಲ್ಲ, ಒಂದೇ ತಯಾರಕರ ಮಾದರಿಯಿಂದ ಮಾದರಿಗೂ ಬದಲಾಗಬಹುದು.

ಆಪರೇಟಿಂಗ್ ಸಿಸ್ಟಮ್ ಪ್ರತಿಯೊಂದು ಮಾದರಿಯ ಬೈಟುಗಳನ್ನೂ ಕಂಠಪಾಠ ಮಾಡಬೇಕಾಗಿ ಬಾರದಿರಲೆಂದೇ ಎಸಿಪಿಐ ಎಂಬ ನಿಯಮಾವಳಿ ಹುಟ್ಟಿತು. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಕೂಡಿ 1996ರ ಡಿಸೆಂಬರಿನಲ್ಲಿ ಪ್ರಕಟಿಸಿದ, 2013ರಿಂದ ಯುಇಎಫ್ಐ ಫೋರಮ್ಮಿನ ಪಾಲನೆಯಲ್ಲಿರುವ ಈ ನಿಯಮಾವಳಿಯ ಪ್ರಕಾರ, ಫರ್ಮ್‌ವೇರು ತನ್ನ ಯಂತ್ರದ ವರ್ಣನೆಯನ್ನು ಕೋಷ್ಟಕಗಳ ರೂಪದಲ್ಲಿ ಆಪರೇಟಿಂಗ್ ಸಿಸ್ಟಮ್ಮಿಗೆ ಒಪ್ಪಿಸುತ್ತದೆ. ಆ ಕೋಷ್ಟಕಗಳೊಳಗೆ ನಾಲ್ಕಕ್ಷರದ ಹೆಸರುಳ್ಳ ಚಿಕ್ಕಚಿಕ್ಕ ಕಾರ್ಯವಿಧಾನಗಳಿದ್ದು, ಅವುಗಳಿಗೆ ಮೆಥಡ್‌ಗಳೆಂದು ಹೆಸರು. ಕರ್ನಲ್ ಒಂದು ಮೆಥಡ್ಡನ್ನು ಕರೆದರೆ ಆ ಮೆಥಡ್ಡು ಇಸಿಯ ಯುಕ್ತವಾದ ಬೈಟನ್ನು ತಾನೇ ಮುಟ್ಟುತ್ತದೆ. ತಯಾರಕರ ವಿಂಡೋಸ್ ತಂತ್ರಾಂಶವೂ ಬಹುಮಟ್ಟಿಗೆ ಇದೇ ಮೆಥಡ್ಡುಗಳನ್ನು ತನ್ನ ಡ್ರೈವರಿನ ಮುಖಾಂತರ ಕರೆಯುತ್ತದೆ. ಏಸುಸ್, ಏಸರ್, ಡೆಲ್, ಎಚ್‌ಪಿ ಮೊದಲಾದವರು ಇದರ ಮೇಲೆ ಮೈಕ್ರೋಸಾಫ್ಟಿನ ಡಬ್ಲ್ಯೂಎಂಐ ಎಂಬ ಇನ್ನೊಂದು ಪದರವನ್ನು ಹೊದಿಸಿರುವುದರಿಂದ, ಅವರ ಯಂತ್ರಗಳಲ್ಲಿ ಮೆಥಡ್ಡಿನ ಹೆಸರಿಗೆ ಬದಲಾಗಿ ಜಿಯುಐಡಿ ಎಂಬ 128 ಬಿಟ್ಟುಗಳ ಗುರುತನ್ನೂ ಅದರ ಜೊತೆಗೊಂದು ಕ್ರಮಸಂಖ್ಯೆಯನ್ನೂ ಅರಸಬೇಕಾಗುತ್ತದೆ.

ಆರಂಭಕ್ಕೆ ಮುನ್ನ ನೋಡತಕ್ಕದ್ದು

ಇಲ್ಲದ ಕೆಲಸವನ್ನು ಮೈಮೇಲೆ ಎಳೆದುಕೊಳ್ಳದಿರುವುದು ವಿವೇಕ. ವಿತರಣೆಯೊಡನೆ ಬಂದ ಕರ್ನಲ್ ಹಳೆಯದಾಗಿದ್ದು, ತಮಗೆ ಬೇಕಾದ ನಿಯಂತ್ರಣ ಹೊಸ ಆವೃತ್ತಿಯಲ್ಲಿ ಆಗಲೇ ಸೇರಿರಬಹುದು. ಆದುದರಿಂದ ಕರ್ನಲ್ ಮೂಲದ ಇತ್ತೀಚಿನ ಪ್ರತಿಯನ್ನು ಇಳಿಸಿಕೊಂಡು, ಡ್ರೈವರ್ಸ್ ಕಡತಕೋಶದೊಳಗಿನ ಪ್ಲಾಟ್‌ಫಾರ್ಮ್, ಅದರೊಳಗಿನ ಎಕ್ಸ್86 ಎಂಬಲ್ಲಿ ತಮ್ಮ ತಯಾರಕರ ಡ್ರೈವರನ್ನು ಹುಡುಕಿ ಓದತಕ್ಕದ್ದು. ಐಬಿಎಂ-ಎಸಿಪಿಐ ಎಂಬ ಹೆಸರಿನಿಂದ ಆರಂಭವಾಗಿ 2007ರ 2.6.22 ಕರ್ನಲ್ಲಿನಲ್ಲಿ ಥಿಂಕ್‌ಪ್ಯಾಡ್-ಎಸಿಪಿಐ ಎಂದು ನಾಮಾಂತರ ಹೊಂದಿದ ಹಿರಿಯ ಡ್ರೈವರೂ, 2010ರಲ್ಲಿ ಹುಟ್ಟಿದ ಐಡಿಯಾಪ್ಯಾಡ್-ಲ್ಯಾಪ್‌ಟಾಪ್ ಡ್ರೈವರೂ ಅಲ್ಲಿಯೇ ಇವೆ.

ಕೊರತೆಯೆಂದು ತೋರಿದ್ದು ಒಂದು ಕೀ ಕೆಲಸ ಮಾಡದಿರುವುದಷ್ಟೇ ಆಗಿದ್ದರೆ, ಆ ಕೀಯನ್ನು ಒತ್ತಿ ಕರ್ನಲ್ಲಿನ ದಿನಚರಿಯಾದ ಡಿಮೆಸ್ಗ್ ಅನ್ನು ನೋಡಿದಾಗ, ಅಪರಿಚಿತ ಕೀ ಒತ್ತಲ್ಪಟ್ಟಿತೆಂದು ಒಂದು ಸಂಕೇತಸಂಖ್ಯೆಯೊಡನೆ ಸಾಲೊಂದು ಮೂಡಿರಬಹುದು. ಹಾಗಿದ್ದಲ್ಲಿ ಕರ್ನಲ್ಲನ್ನು ಮುಟ್ಟುವ ಪ್ರಮೇಯವೇ ಇಲ್ಲ. ಸಿಸ್ಟಮ್‌ಡಿ ಯೋಜನೆಯ ಯುಡೆವ್ ಪಾಲಿಸುವ ಯಂತ್ರಾಂಶ ಕೋಶದಲ್ಲಿ ಆ ಸಂಖ್ಯೆಗೆ ಸಲ್ಲುವ ಕೀಯ ಹೆಸರನ್ನು ಒಂದು ಸಾಲಿನಲ್ಲಿ ಬರೆದರೆ ಕಾರ್ಯ ಪೂರೈಸಿತು.

ಕೋಷ್ಟಕವನ್ನು ಓದುವ ಬಗೆ

ಎಸಿಪಿಐ-ಡಂಪ್ ಎಂಬ ಉಪಕರಣವು ಯಂತ್ರದ ಕೋಷ್ಟಕಗಳನ್ನೆಲ್ಲ ಕಡತಗಳಾಗಿ ಇಳಿಸಿಕೊಡುತ್ತದೆ. ಇಂಟೆಲಿನ ಐಎಎಸ್‌ಎಲ್ ಎಂಬ ಸಂಕಲನಕಾರವನ್ನು ವಿಲೋಮವಾಗಿ ಬಳಸಿದರೆ ಅವು ಮನುಷ್ಯರು ಓದಬಲ್ಲ ಭಾಷೆಗೆ ಮರಳುತ್ತವೆ. ಡಿಎಸ್‌ಡಿಟಿ ಎಂಬುದು ಮುಖ್ಯ ಕೋಷ್ಟಕ. ಎಸ್‌ಎಸ್‌ಡಿಟಿಗಳೆಂಬ ಪೂರಕ ಕೋಷ್ಟಕಗಳನ್ನೂ ಉಪೇಕ್ಷಿಸಬಾರದು. ಹೀಗೆ ದೊರೆಯುವ ಪಠ್ಯ ಸಾವಿರಾರು ಸಾಲುಗಳ ಅರಣ್ಯವಾಗಿರುವುದರಿಂದ ಆದ್ಯಂತ ಓದಹೊರಡುವುದು ವ್ಯರ್ಥಾಯಾಸ. ಡ್ರೈವರು ಯಾವ ಸಾಧನಕ್ಕೆ ಅಂಟಿಕೊಳ್ಳುತ್ತದೆಯೋ ಆ ಸಾಧನದ ಗುರುತನ್ನು ಹಿಡಿದು ಒಳಹೊಕ್ಕರೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ಐಡಿಯಾಪ್ಯಾಡನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಸಾಧನದ ಗುರುತು ವಿಪಿಸಿ2004. ಆ ಗುರುತಿನ ಸಾಧನದೊಳಗೆ ಜಿಬಿಎಂಡಿ ಮತ್ತು ಎಸ್‌ಬಿಎಂಸಿ ಎಂಬ ಎರಡು ಮೆಥಡ್ಡುಗಳು ಕಾಣಸಿಗುತ್ತವೆ. ಮೊದಲನೆಯದು ಯಾವ ವಾದವನ್ನೂ ಕೇಳದೆ ಒಂದು ಪೂರ್ಣಾಂಕವನ್ನು ಮರಳಿಸುತ್ತದೆ. ಅದರ ಬಿಟ್ಟುಗಳನ್ನು ಸೊನ್ನೆಯಿಂದ ಎಣಿಸಿದರೆ 5ನೆಯ ಬಿಟ್ಟು ಬ್ಯಾಟರಿ ಸಂರಕ್ಷಣೆಯ ಸ್ಥಿತಿಯನ್ನು ಸೂಚಿಸುತ್ತದೆ. ಎರಡನೆಯದು ಒಂದು ಅಂಕಿಯನ್ನು ಕೇಳುತ್ತದೆ: 3 ಕೊಟ್ಟರೆ ಸಂರಕ್ಷಣೆ ಜಾರಿಗೆ ಬರುತ್ತದೆ, 5 ಕೊಟ್ಟರೆ ರದ್ದಾಗುತ್ತದೆ. ಆರಂಭಕ್ಕೆ 1, ವಿರಾಮಕ್ಕೆ 0 ಎಂಬ ಸಹಜವಾದ ಊಹೆ ಇಲ್ಲಿ ನಡೆಯದೆಂಬುದನ್ನೂ, ಬಿಟ್ಟಿನ ಸ್ಥಾನವಾದ 5ಕ್ಕೂ ರದ್ದುಮಾಡುವ ಆಜ್ಞೆಯಾದ 5ಕ್ಕೂ ಪರಸ್ಪರ ಸಂಬಂಧವೇನೂ ಇಲ್ಲವೆಂಬುದನ್ನೂ ಗಮನಿಸಿದವರಿಗೆ, ಊಹೆಯಿಂದ ಡ್ರೈವರ್ ಬರೆಯಲಾಗದೆಂಬ ಮಾತು ಬೇರೆ ಪ್ರಮಾಣವಿಲ್ಲದೆ ಮನದಟ್ಟಾಗುತ್ತದೆ. ಎಸ್‌ಬಿಎಂಸಿಯ ಪಠ್ಯವನ್ನು ತೆರೆದು ಅದರಲ್ಲಿ ಯಾವ ಯಾವ ಅಂಕಿಗಳಿಗೆ ಕವಲುಗಳಿವೆ, ಪ್ರತಿಯೊಂದು ಕವಲೂ ಇಸಿಯ ಯಾವ ಕ್ಷೇತ್ರವನ್ನು ಬದಲಿಸುತ್ತದೆ ಎಂದು ಪಟ್ಟಿ ಮಾಡಿಕೊಂಡರೆ, ಡ್ರೈವರಿಗೆ ತಿಳಿದಿರುವ ಅಂಕಿಗಳು ಯಾವುವು, ತಿಳಿಯದೆ ಉಳಿದವು ಯಾವುವು ಎಂಬುದು ಸ್ಪಷ್ಟವಾಗುತ್ತದೆ. ಆ ಉಳಿದವುಗಳಲ್ಲಿಯೇ ಕಾಣದ ಗುಂಡಿಗಳು ಅಡಗಿರುವುದು.

ಇಂಥದೇ ಇನ್ನೊಂದು ಜೋಡಿ ಎಚ್‌ಎಎಲ್‌ಎಸ್ ಮತ್ತು ಎಸ್‌ಎಎಲ್‌ಎಸ್. ಎಚ್‌ಎಎಲ್‌ಎಸ್ ಮರಳಿಸುವ ಪೂರ್ಣಾಂಕದಲ್ಲಿ 9ನೆಯ ಬಿಟ್ಟು ಎಫ್‌ಎನ್ ಬಂಧನದ ಸೌಲಭ್ಯ ಯಂತ್ರದಲ್ಲಿ ಉಂಟೇ ಎಂಬುದನ್ನೂ, 10ನೆಯ ಬಿಟ್ಟು ಅದು ಈಗ ಜಾರಿಯಲ್ಲಿದೆಯೇ ಎಂಬುದನ್ನೂ ತಿಳಿಸುತ್ತವೆ. ಎಸ್‌ಎಎಲ್‌ಎಸ್‌ಗೆ 14 ಕೊಟ್ಟರೆ ಬಂಧನ, 15 ಕೊಟ್ಟರೆ ಬಿಡುಗಡೆ. ಅದೇ ಪೂರ್ಣಾಂಕದ 6 ಮತ್ತು 7ನೆಯ ಬಿಟ್ಟುಗಳು ಯುಎಸ್‌ಬಿ ಚಾರ್ಜಿಂಗಿಗೆ ಮೀಸಲು. ಅದರ ಆಜ್ಞೆಗಳು 10 ಮತ್ತು 11. ಎಫ್‌ಎನ್ ಬಂಧನವು 2018ರ 4.18 ಆವೃತ್ತಿಯಲ್ಲಿಯೇ ಡ್ರೈವರನ್ನು ಸೇರಿದ್ದರೂ, ಪಕ್ಕದ ಬಿಟ್ಟುಗಳಲ್ಲಿದ್ದ ಯುಎಸ್‌ಬಿ ಚಾರ್ಜಿಂಗು 2021ರ 5.12ರ ತನಕ ಕಾಯಬೇಕಾಯಿತು. ಫರ್ಮ್‌ವೇರಿನಲ್ಲಿ ಇರುವುದಕ್ಕೂ ಬಳಕೆದಾರನ ಕೈಗೆ ಬರುವುದಕ್ಕೂ ನಡುವಿನ ಅಂತರವನ್ನು ಯಾರಾದರೊಬ್ಬರು ಮನಸ್ಸುಮಾಡಿ ದಾಟಬೇಕಾಗಿರುತ್ತದೆ ಎಂಬುದಕ್ಕೆ ಇದು ನಿದರ್ಶನ.

ಡಬ್ಲ್ಯೂಎಂಐ ಬಳಸುವ ಯಂತ್ರಗಳಲ್ಲಿ ಇದೇ ಶೋಧನೆ ತುಸು ಸುತ್ತುದಾರಿಯಿಂದ ನಡೆಯುತ್ತದೆ. ಅಲ್ಲಿ ಪಿಎನ್‌ಪಿ0ಸಿ14 ಎಂಬ ಗುರುತಿನ ಸಾಧನದೊಳಗೆ ಡಬ್ಲ್ಯೂಡಿಜಿ ಎಂಬ ಸೂಚಿಕೆಯಿದ್ದು, ಯಾವ ಜಿಯುಐಡಿ ಯಾವ ಮೆಥಡ್ಡಿಗೆ ಸಲ್ಲುತ್ತದೆಂಬುದನ್ನು ಅದರಿಂದ ತಿಳಿಯಬೇಕು. ಅನೇಕ ಯಂತ್ರಗಳು ಆ ಮೆಥಡ್ಡುಗಳ ವಿವರಣೆಯನ್ನು ಎಂಒಎಫ್ ಎಂಬ ಸಂಕಲಿತ ರೂಪದಲ್ಲಿ ತಮ್ಮೊಳಗೇ ಹೊತ್ತಿರುತ್ತವೆ. ಬಿಎಂಎಫ್‌ಡೆಕ್ ಎಂಬ ಉಪಕರಣದಿಂದ ಅದನ್ನು ಬಿಡಿಸಿ ಓದಿದರೆ ವಾದಗಳ ಹೆಸರುಗಳು ಕೂಡ ದೊರೆಯುವುದುಂಟು.

ಬರೆಯುವುದಕ್ಕೆ ಮುಂಚಿನ ಎಚ್ಚರ

ಓದಿದ್ದನ್ನು ಪ್ರಯೋಗದಿಂದ ಸ್ಥಿರಪಡಿಸಿಕೊಳ್ಳಬೇಕಾದ ಘಟ್ಟದಲ್ಲಿಯೇ ಅಪಾಯವೂ ಇರುವುದು. ಕರ್ನಲ್ಲಿನ ಇಸಿ-ಸಿಸ್ ಎಂಬ ಮಾಡ್ಯೂಲು ಇಸಿಯ 256 ಬೈಟುಗಳನ್ನು ಡಿಬಗ್ ಕಡತವ್ಯವಸ್ಥೆಯಲ್ಲಿ ತೋರಿಸುತ್ತದೆ. ಬೇಕೆಂದೇ ಅನುಮತಿ ಕೊಡದ ಹೊರತು ಅದು ಓದಲು ಮಾತ್ರ ಬಿಡುತ್ತದೆಯಾದುದರಿಂದ ಆರಂಭಿಕರಿಗೆ ಅದೇ ಕ್ಷೇಮ. ಒಂದು ಸೌಲಭ್ಯವನ್ನು ಬಯಾಸ್ ಪುಟದಲ್ಲಾಗಲಿ ವಿಂಡೋಸಿನಲ್ಲಾಗಲಿ ಬದಲಿಸಿ, ಬದಲಾವಣೆಯ ಮುಂಚಿನ ಮತ್ತು ಅನಂತರದ ಚಿತ್ರಗಳನ್ನು ಹೋಲಿಸಿ, ಕದಲಿದ ಬೈಟನ್ನು ಗುರುತಿಸುವುದು ಉಚಿತ. ಉಷ್ಣತೆ ಮತ್ತು ಬ್ಯಾಟರಿಯ ಅಂಕಿಗಳು ಸದಾ ಕದಲುತ್ತಿರುವುದರಿಂದ ಹೋಲಿಕೆಯನ್ನು ಹಲವು ಸಲ ಆವರ್ತಿಸಬೇಕು. ಮೆಥಡ್ಡನ್ನು ಕೈಯಾರೆ ಕರೆದು ನೋಡುವುದಕ್ಕೆ ಎಸಿಪಿಐ-ಕಾಲ್ ಎಂಬ, ಕರ್ನಲ್ ಮೂಲದ ಹೊರಗಿನ ಮಾಡ್ಯೂಲು ಉಪಯುಕ್ತ. ಆದರೆ ಕೋಷ್ಟಕದಲ್ಲಿ ಅರ್ಥ ತಿಳಿದ ಅಂಕಿಯನ್ನಲ್ಲದೆ ಬೇರೊಂದನ್ನು ಅದಕ್ಕೆ ಕೊಡಬಾರದು. ಸೊನ್ನೆಯಿಂದ ಹಿಡಿದು ಎಲ್ಲ ಅಂಕಿಗಳನ್ನೂ ಒಂದೊಂದಾಗಿ ಕೊಟ್ಟು ಏನಾಗುವುದೋ ನೋಡೋಣವೆಂಬುದು ಶೋಧನೆಯಲ್ಲ, ಸಾಹಸ.

ಫರ್ಮ್‌ವೇರು ಎಷ್ಟು ಸೂಕ್ಷ್ಮವಾಗಿರಬಲ್ಲದೆಂಬುದನ್ನು 2013ರ ಆರಂಭದ ಸ್ಯಾಮ್ಸಂಗ್ ಪ್ರಸಂಗ ಲೋಕಕ್ಕೆ ತಿಳಿಸಿತು. ಕೆಲವು ಮಾದರಿಯ ಲ್ಯಾಪ್‌ಟಾಪುಗಳು ಯುಇಎಫ್ಐ ಕ್ರಮದಲ್ಲಿ ಲಿನಕ್ಸನ್ನು ಆರಂಭಿಸಿದ ಬಳಿಕ ಮತ್ತೆ ಏಳದಂತಾದವು. ಹಳೆಯ ಬಯಾಸ್ ಕಾಲದ ಪದ್ಧತಿಯಂತೆ ಮೆಮೊರಿಯ ಗೊತ್ತಾದ ಪ್ರದೇಶದಲ್ಲಿ ಒಂದು ಗುರುತನ್ನು ಹುಡುಕಿ ವ್ಯವಹರಿಸುತ್ತಿದ್ದ ಸ್ಯಾಮ್ಸಂಗ್-ಲ್ಯಾಪ್‌ಟಾಪ್ ಡ್ರೈವರಿನ ಮೇಲೆ ಶಂಕೆ ಮೂಡಿ, ಯುಇಎಫ್ಐ ಯಂತ್ರಗಳಲ್ಲಿ ಅದು ಕೆಲಸ ಮಾಡದಂತೆ ಕರ್ನಲ್ಲಿನವರು ತಡೆದರು. ಅನಂತರ ಮ್ಯಾಥ್ಯೂ ಗ್ಯಾರೆಟ್ ಎಂಬ ಕರ್ನಲ್ ತಜ್ಞರು, ದೋಷದ ಬೇರು ಫರ್ಮ್‌ವೇರಿನಲ್ಲಿಯೇ ಇರುವುದೆಂದೂ, ಅದರ ಚರಾಂಶಗಳ ಭಂಡಾರ ತುಂಬಿದರೆ ವಿಂಡೋಸಿನಿಂದಲೂ ಅದೇ ಅನರ್ಥ ಸಂಭವಿಸಬಲ್ಲದೆಂದೂ ತೋರಿಸಿಕೊಟ್ಟರು. ಡ್ರೈವರ್ ಬರೆಯುವವನ ತಪ್ಪಿಲ್ಲದೆಯೂ ಯಂತ್ರ ಕೆಡಬಹುದೆಂದಮೇಲೆ, ತಪ್ಪಿಗೆ ಆಸ್ಪದ ಕೊಡುವುದು ಹೇಗೆ ಯುಕ್ತವಾದೀತು?

ಡ್ರೈವರಿನೊಳಗೆ ಬರೆಯುವುದು

ಬಳಕೆದಾರನಿಗೂ ಡ್ರೈವರಿಗೂ ನಡುವಣ ಸೇತುವೆ ಸಿಸ್ ಎಂಬ ಕಡತವೃಕ್ಷ. ಅದರಲ್ಲಿ ಒಂದು ಕಡತಕ್ಕೆ ಒಂದೇ ಮೌಲ್ಯವೆಂಬುದು ನಿಯಮ. ಪ್ರತಿಯೊಂದು ನಿಯಂತ್ರಣಕ್ಕೂ ಎರಡು ಕಾರ್ಯಗಳನ್ನು ಬರೆಯಬೇಕು: ಕಡತವನ್ನು ಓದಿದಾಗ ನಡೆಯುವ ಶೋ, ಕಡತಕ್ಕೆ ಬರೆದಾಗ ನಡೆಯುವ ಸ್ಟೋರ್. ಸಂರಕ್ಷಣೆಯ ಕಡತದಲ್ಲಿ ಶೋ ಕಾರ್ಯವು ಜಿಬಿಎಂಡಿಯನ್ನು ಕರೆದು, 5ನೆಯ ಬಿಟ್ಟನ್ನು ಪರೀಕ್ಷಿಸಿ, 1 ಅಥವಾ 0 ಎಂದು ಮುದ್ರಿಸುತ್ತದೆ. ಸ್ಟೋರ್ ಕಾರ್ಯವು ಬಳಕೆದಾರ ಕೊಟ್ಟ ಪಠ್ಯವನ್ನು ಕರ್ನಲ್ಲಿನ ಸಿದ್ಧ ಕಾರ್ಯದಿಂದ ಹೌದು-ಅಲ್ಲಗಳಾಗಿ ವಿವೇಚಿಸಿ, ಅಸಂಬದ್ಧವಾದರೆ ದೋಷಸಂಖ್ಯೆಯನ್ನು ಮರಳಿಸಿ, ಸಂಬದ್ಧವಾದರೆ ಎಸ್‌ಬಿಎಂಸಿಗೆ 3 ಅಥವಾ 5ನ್ನು ಕಳಿಸುತ್ತದೆ. ಬಳಕೆದಾರ ಬರೆದದ್ದನ್ನು ನೆನಪಿಟ್ಟುಕೊಂಡು ಅದನ್ನೇ ಮರಳಿ ತೋರಿಸುವ ಡ್ರೈವರಿಗಿಂತ, ಪ್ರತಿ ಸಲವೂ ಫರ್ಮ್‌ವೇರನ್ನು ಕೇಳಿ ಹೇಳುವ ಡ್ರೈವರು ವಿಶ್ವಾಸಾರ್ಹ. ಏಕೆಂದರೆ ಕೀಲಿಮಣೆಯ ಒತ್ತಿನಿಂದಾಗಲಿ ಬಯಾಸಿನಿಂದಾಗಲಿ ಸ್ಥಿತಿಯು ಡ್ರೈವರಿನ ಬೆನ್ನ ಹಿಂದೆ ಬದಲಾಗಬಹುದು.

ಇದಕ್ಕೂ ಮಿಗಿಲಾದ ಔಚಿತ್ಯವೊಂದುಂಟು. ಸೌಲಭ್ಯವಿಲ್ಲದ ಯಂತ್ರದಲ್ಲಿ ಕಡತವೇ ಕಾಣಿಸಬಾರದು. ಐಡಿಯಾಪ್ಯಾಡ್ ಡ್ರೈವರು ಆರಂಭದಲ್ಲಿಯೇ ಜಿಬಿಎಂಡಿ, ಎಸ್‌ಬಿಎಂಸಿಗಳೆರಡೂ ಇವೆಯೇ ಎಂದು ವಿಚಾರಿಸುತ್ತದೆ. ಎಚ್‌ಎಎಲ್‌ಎಸ್ ಇದ್ದರೂ ಅದರ 9ನೆಯ ಬಿಟ್ಟು ಒಪ್ಪಿಗೆ ಕೊಡದಿದ್ದರೆ ಎಫ್‌ಎನ್ ಬಂಧನದ ಕಡತವನ್ನು ಮರೆಮಾಡುತ್ತದೆ. ಫರ್ಮ್‌ವೇರು ತಾನೇ ಹೇಳಬಲ್ಲುದನ್ನು ಅದರಿಂದಲೇ ಕೇಳಿ ತಿಳಿಯುವುದು ಉತ್ತಮ ಮಾರ್ಗ; ಮಾದರಿಗಳ ಹೆಸರಿನ ಪಟ್ಟಿಯನ್ನು ಡ್ರೈವರಿನಲ್ಲಿ ಹೆಣೆಯುವುದು ಅನ್ಯಗತಿಯಿಲ್ಲದಾಗ ಹಿಡಿಯುವ ಮಾರ್ಗ.

ಹೊಸ ನಿಯಂತ್ರಣಕ್ಕೆ ಹೊಸ ಹೆಸರನ್ನು ಸೃಷ್ಟಿಸುವ ಮುನ್ನ, ಕರ್ನಲ್ಲಿನಲ್ಲಿ ಅದಕ್ಕೆ ಈಗಾಗಲೇ ಗೊತ್ತಾದ ಸ್ಥಾನವುಂಟೇ ಎಂದು ಪರಿಶೀಲಿಸಬೇಕು. ಕೀಲಿಮಣೆಯ ಬೆಳಕು ಎಲ್‌ಇಡಿ ವರ್ಗಕ್ಕೆ ಸೇರತಕ್ಕದ್ದು. ಫ್ಯಾನಿನ ವೇಗ ಎಚ್‌ಡಬ್ಲ್ಯೂಮಾನ್ ವರ್ಗಕ್ಕೆ. ನಿಶ್ಶಬ್ದ, ಸಮತೋಲ, ವೇಗ ಎಂಬ ಕಾರ್ಯಸ್ಥಿತಿಗಳು 2021ರ 5.12ರಲ್ಲಿ ಬಂದ ಪ್ಲಾಟ್‌ಫಾರ್ಮ್-ಪ್ರೊಫೈಲಿಗೆ. ಬ್ಯಾಟರಿಯ ಗರಿಷ್ಠ ಮಿತಿಯನ್ನು ಶೇಕಡವಾರು ಹೇಳಬಹುದಾಗಿದ್ದರೆ ಚಾರ್ಜ್-ಕಂಟ್ರೋಲ್-ಎಂಡ್-ಥ್ರೆಶೋಲ್ಡ್ ಎಂಬ ಕಡತಕ್ಕೆ. ಈ ಕೊನೆಯ ಕಡತವು ಡ್ರೈವರಿನ ಕೋಶದಲ್ಲಲ್ಲದೆ ಬ್ಯಾಟರಿಯ ಕೋಶದಲ್ಲಿಯೇ ಕಾಣಿಸುವಂತೆ ಮಾಡಲು 4.17ರಿಂದ ಬ್ಯಾಟರಿ-ಹುಕ್ ಎಂಬ ಏರ್ಪಾಡಿದೆ. 2017ರ 4.14ರಲ್ಲಿ ಐಡಿಯಾಪ್ಯಾಡಿನ ಸಂರಕ್ಷಣೆ ಬಂದಾಗ ಅದು ತನ್ನದೇ ಹೆಸರಿನ ಕಡತವಾಯಿತು, ಏಕೆಂದರೆ ಶೇ. 50ರಿಂದ 60ರ ಆಸುಪಾಸಿನಲ್ಲಿ ಭರ್ತಿಯನ್ನು ನಿಲ್ಲಿಸುವ ಆ ಸೌಲಭ್ಯದಲ್ಲಿ ಬಳಕೆದಾರನು ಅಂಕಿಯನ್ನು ಆರಿಸುವಂತಿರಲಿಲ್ಲ. ಥಿಂಕ್‌ಪ್ಯಾಡಿನಲ್ಲಿಯೂ ಏಸುಸಿನಲ್ಲಿಯೂ ಮಿತಿಯ ಅಂಕಿಯನ್ನೇ ಕೊಡಬಹುದಾದುದರಿಂದ ಅವುಗಳಿಗೆ ಸಾಮಾನ್ಯ ಹೆಸರು ಒದಗಿತು.

ಈ ಹೆಸರಿನ ವಿಚಾರ ಕೇವಲ ಶಿಷ್ಟಾಚಾರವಲ್ಲ. ಬಿಡುಗಡೆಯಾದ ಕರ್ನಲ್ಲಿನಲ್ಲಿ ಒಮ್ಮೆ ಕಾಣಿಸಿಕೊಂಡ ಕಡತವನ್ನು ನಂಬಿ ತಂತ್ರಾಂಶಗಳು ಹುಟ್ಟುತ್ತವೆಯಾದುದರಿಂದ ಅದನ್ನು ಹಿಂತೆಗೆಯುವುದು ಬಹುತೇಕ ಅಸಾಧ್ಯ. ಸಾಮಾನ್ಯ ಹೆಸರನ್ನು ಅನುಸರಿಸಿದ ನಿಯಂತ್ರಣಕ್ಕಾದರೋ ಕೆಡಿಇಯ ವಿದ್ಯುತ್ ಪುಟವೂ, 2025ರ ಗ್ನೋಮ್ 48ರಿಂದೀಚೆಗೆ ಗ್ನೋಮಿನ ಬ್ಯಾಟರಿ ಪುಟವೂ ತಯಾರಕರು ಯಾರೆಂದು ಕೇಳದೆಯೇ ಗುಂಡಿಯನ್ನು ಒದಗಿಸಬಲ್ಲವು.

ಪರೀಕ್ಷೆ

ಇಡೀ ಕರ್ನಲ್ಲನ್ನು ಪ್ರತಿ ಸಲ ಕಟ್ಟುವ ಅಗತ್ಯವಿಲ್ಲ. ವಿತರಣೆಯ ಕರ್ನಲ್ ಹೆಡರುಗಳನ್ನು ಸ್ಥಾಪಿಸಿಕೊಂಡು, ಚಾಲ್ತಿಯಲ್ಲಿರುವ ಆವೃತ್ತಿಗೆ ಹೊಂದುವ ಮೂಲದಿಂದ ಡ್ರೈವರೊಂದನ್ನೇ ಮಾಡ್ಯೂಲಾಗಿ ಕಟ್ಟಿ, ಹಳೆಯದನ್ನು ಇಳಿಸಿ ಹೊಸದನ್ನು ಏರಿಸಬಹುದು. ಸೆಕ್ಯೂರ್ ಬೂಟ್ ಜಾರಿಯಲ್ಲಿದ್ದರೆ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ನಿರಾಕರಿಸಬಹುದಾದುದರಿಂದ, ತಮ್ಮದೇ ಕೀಯನ್ನು ಮೋಕ್-ಯುಟಿಲ್ ಮೂಲಕ ನೋಂದಾಯಿಸಿ ಸಹಿ ಮಾಡಬೇಕಾಗುತ್ತದೆ.

ಕಡತಕ್ಕೆ 1 ಬರೆದು 1 ಓದಿದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ಸಂರಕ್ಷಣೆಯನ್ನು ಜಾರಿಗೊಳಿಸಿ ಚಾರ್ಜರನ್ನು ಚುಚ್ಚಿದಾಗ ಭರ್ತಿಯು ವಾಸ್ತವವಾಗಿ ನಿಲ್ಲುತ್ತದೆಯೇ ಎಂದು ಕಾದು ನೋಡಬೇಕು. ಯಂತ್ರವನ್ನು ಸಸ್ಪೆಂಡ್ ಮಾಡಿ ಎಬ್ಬಿಸಿದಾಗ, ಪೂರ್ಣವಾಗಿ ಆರಿಸಿ ಹೊತ್ತಿಸಿದಾಗ, ಚಾರ್ಜರನ್ನು ಕಿತ್ತು ಮತ್ತೆ ಸಿಕ್ಕಿಸಿದಾಗ ಸ್ಥಿತಿ ಉಳಿಯುತ್ತದೆಯೇ ಎಂಬುದನ್ನು ಬೇರೆಬೇರೆಯಾಗಿ ದಾಖಲಿಸಿಕೊಳ್ಳಬೇಕು. ಶೀಘ್ರ ಭರ್ತಿ ಮತ್ತು ಸಂರಕ್ಷಣೆಗಳಂತೆ ಪರಸ್ಪರ ವಿರುದ್ಧವಾದ ಎರಡು ಸೌಲಭ್ಯಗಳಿದ್ದಲ್ಲಿ, ಒಂದನ್ನು ಜಾರಿಗೆ ತಂದಾಗ ಇನ್ನೊಂದರ ಗತಿಯೇನೆಂಬುದನ್ನು ಫರ್ಮ್‌ವೇರಿಗೆ ಬಿಡದೆ ಡ್ರೈವರೇ ನಿರ್ಣಯಿಸುವುದು ಲೇಸು.

ಮೂಲಕ್ಕೆ ಸಲ್ಲಿಸುವುದು

ತಮ್ಮ ಯಂತ್ರದಲ್ಲಿ ಕೆಲಸ ನಡೆದ ಮೇಲೆ ಅಲ್ಲಿಗೇ ನಿಲ್ಲಿಸಿದವರು, ಮುಂದಿನ ಪ್ರತಿ ಕರ್ನಲ್ ಬದಲಾವಣೆಯಲ್ಲಿಯೂ ಅದೇ ದುಡಿಮೆಯನ್ನು ಮರಳಿ ಮಾಡಬೇಕಾಗುತ್ತದೆ. ಆದುದರಿಂದ ಪ್ಯಾಚನ್ನು ಮೂಲಕ್ಕೆ ಸಲ್ಲಿಸುವುದು ಪರೋಪಕಾರವಷ್ಟೇ ಅಲ್ಲ, ಸ್ವಾರ್ಥವೂ ಹೌದು. ಒಂದು ಪ್ಯಾಚಿನಲ್ಲಿ ಒಂದೇ ಬದಲಾವಣೆ ಇರಲಿ. ಏನನ್ನು ಬದಲಿಸಿದೆ ಎಂಬುದಕ್ಕಿಂತ ಏಕೆ ಬದಲಿಸಿದೆ, ಆ ಅಂಕಿಗಳು ಎಲ್ಲಿಂದ ದೊರೆತವು, ಯಾವ ಮಾದರಿಗಳಲ್ಲಿ ಪರೀಕ್ಷಿಸಲಾಯಿತು ಎಂಬುದನ್ನು ವಿವರಣೆಯಲ್ಲಿ ಬರೆಯಬೇಕು. ಹೊಸ ಕಡತ ಸೇರಿದ್ದಲ್ಲಿ ದಸ್ತಾವೇಜು ವಿಭಾಗದ ಎಬಿಐ ಕೋಶದಲ್ಲಿ ಅದರ ಹೆಸರು, ತಿಂಗಳು, ಕರ್ನಲ್ ಆವೃತ್ತಿ, ಅಂಗೀಕೃತ ಮೌಲ್ಯಗಳನ್ನು ನಮೂದಿಸುವುದು ವಾಡಿಕೆ. ಮೂಲದೊಳಗೇ ಇರುವ ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟು ಬರಹದ ಶೈಲಿಯ ಲೋಪಗಳನ್ನು ಎತ್ತಿತೋರಿಸುತ್ತದೆ. ಗೆಟ್-ಮೇಂಟೇನರ್ ಎಂಬುದು ಯಾರಿಗೆ ಕಳಿಸಬೇಕೆಂದು ತಿಳಿಸುತ್ತದೆ. ಕೊನೆಯಲ್ಲಿ ಸೈನ್ಡ್-ಆಫ್-ಬೈ ಎಂಬ ಸಾಲಿನ ಮುಂದೆ ಹೆಸರನ್ನು ಬರೆಯುವುದು, ಈ ಬರಹವನ್ನು ಸಲ್ಲಿಸಲು ತನಗೆ ಹಕ್ಕುಂಟೆಂಬ, 2004ರಿಂದ ರೂಢಿಗೆ ಬಂದ ಪ್ರಮಾಣಪತ್ರಕ್ಕೆ ಒಪ್ಪಿಗೆಯಿತ್ತಂತೆ.

ಮೊದಲ ಪ್ಯಾಚು ತಿದ್ದುಪಡಿಯಿಲ್ಲದೆ ಅಂಗೀಕಾರವಾಗುವುದು ಅಪರೂಪ. ನಿರ್ವಾಹಕರು ಹೆಸರನ್ನು ಬದಲಿಸಲು ಹೇಳಬಹುದು, ಸಾಮಾನ್ಯ ವರ್ಗದೊಳಕ್ಕೆ ಸೇರಿಸಲು ಸೂಚಿಸಬಹುದು, ಮತ್ತೊಂದು ಮಾದರಿಯ ಕೋಷ್ಟಕವನ್ನು ಕೇಳಬಹುದು. ಇವುಗಳಿಗೆ ಸಾವಧಾನದಿಂದ ಉತ್ತರಿಸಿ ಎರಡನೆಯ, ಮೂರನೆಯ ಪಾಠಗಳನ್ನು ಕಳಿಸುವುದೇ ರೀತಿ. ಹೊಸ ಕರ್ನಲ್ ಸುಮಾರು 9-10 ವಾರಗಳಿಗೊಮ್ಮೆ ಹೊರಬರುವುದರಿಂದಲೂ, ಹೊಸ ಸೌಲಭ್ಯಗಳನ್ನು ಲೈನಸ್ ಟೋರ್ವಾಲ್ಡ್ಸರು ಒಳಗೊಳ್ಳುವುದು ಆ ಚಕ್ರದ ಮೊದಲ ಎರಡು ವಾರಗಳಲ್ಲಿ ಮಾತ್ರವಾದುದರಿಂದಲೂ, ಅಂಗೀಕೃತವಾದ ಪ್ಯಾಚು ವಿತರಣೆಗಳ ಮೂಲಕ ಜನರನ್ನು ತಲಪುವುದಕ್ಕೆ ಕೆಲವು ತಿಂಗಳುಗಳಾದರೂ ಹಿಡಿಯುತ್ತವೆ.

ಈ ಮಾರ್ಗಕ್ಕೆ ಹೊಸಬರಾದವರು ಯಾವುದರಿಂದ ಆರಂಭಿಸಬೇಕೆಂದು ಕೇಳಿದರೆ, ಎಫ್‌ಎನ್ ಬಂಧನದಂಥ ನಿರುಪದ್ರವಿಯಾದ ನಿಯಂತ್ರಣದಿಂದ ಎಂಬುದೇ ಉತ್ತರ. ಓದುವ ಮೆಥಡ್ಡೂ ಬರೆಯುವ ಮೆಥಡ್ಡೂ ಎರಡೂ ಅದಕ್ಕಿವೆ. ತಪ್ಪಿದರೆ ಕೆಡುವುದು ಒಂದು ಕೀಯ ವರ್ತನೆಯಷ್ಟೇ. ಫಲಿತಾಂಶ ಬೆರಳ ತುದಿಯಲ್ಲಿಯೇ ತಿಳಿಯುತ್ತದೆ. ಬ್ಯಾಟರಿಯ ಮಿತಿ ಎರಡನೆಯ ಹೆಜ್ಜೆ. ಫ್ಯಾನಿನ ವೇಗವನ್ನು ಕೈಗೆ ತೆಗೆದುಕೊಳ್ಳುವುದು, ಉಷ್ಣದ ಹೊಣೆಯನ್ನೂ ಜೊತೆಗೆ ತೆಗೆದುಕೊಂಡಂತೆ ಆದುದರಿಂದ, ಕೋಷ್ಟಕಗಳನ್ನು ನಿಸ್ಸಂಶಯವಾಗಿ ಓದುವ ಅಭ್ಯಾಸವಾಗುವ ತನಕ ಅದನ್ನು ಮುಂದೂಡುವುದೇ ಮೇಲು.